ಖಾಲಿ ಬಂದ ಟಪಾಲು

ಆಲಮಟ್ಟಿ
೬ ಅಕ್ಟೋಬರ್ ೨೦೨೪
ವಿಷಯ: ನಿನ್ನ ಖಾಲಿ ಟಪಾಲುಗಳು

ಚಿ. ಪ್ರಿಯದರ್ಶಿನಿಗೆ ಮಾಮಾನ ಆಶೀರ್ವಾದ.

ನಾನು ಇಲ್ಲಿ ಆರಾಮವಾಗಿದ್ದೇನೆ. ನೀನೂ ಸಿಂದಗಿಯಲ್ಲಿ ಆರಾಮವಾಗಿದ್ದೀ ಎಂದು ನಾನೇ ಅಂದುಕೊಳ್ಳಬೇಕು. ಒಂದು ತಿಂಗಳಿಂದ ನೀನು ಕಳಿಸುತ್ತಿರುವ ಇಮೇಲುಗಳಲ್ಲಿ ಒಂದಕ್ಷರವೂ ಇಲ್ಲ. ಮೇಲೆ ನಿನ್ನ ಹೆಸರು ಮತ್ತು ತಾರೀಖು, ಕೆಳಗೆ ಬಟ್ಟಬಯಲು. ನಾಲ್ಕು ಬಂದವು, ನಾಲ್ಕೂ ಹಾಗೆಯೇ. ಮಂದಿಯ ಮದುವೆ ವಿಡಿಯೋಗಳನ್ನು ದಿನವಿಡೀ ಕತ್ತರಿಸಿ ಜೋಡಿಸುವ ಸ್ಟುಡಿಯೋದವಳಿಗೆ ಮಾಮಾನಿಗೆ ಎರಡು ಸಾಲು ಬರೆಯಲು ಪುರುಸೊತ್ತಿಲ್ಲವೇ? ಇದು ನನಗೆ ತಮಾಷೆಯಾಗಿ ಕಾಣಲಿಲ್ಲ.

ನನ್ನ ಬಳಿ ದೊಡ್ಡ ಫೋನಿಲ್ಲ ಎನ್ನುವುದು ನಿನಗೆ ಗೊತ್ತು. ಮನೆಯವರೆಲ್ಲ ಸೇರಿ ಗುಂಪು ಮಾಡಿ ಬೆಳಿಗ್ಗೆ ಎದ್ದರೆ ಗುಲಾಬಿ ಹೂವು, ಮಲಗುವಾಗ ದೀಪ, ನಡುವೆ ಯಾರದೋ ಕೂಸಿನ ಕುಣಿತ ಕಳಿಸಿ ಕಳಿಸಿ ನನ್ನ ತಲೆ ಚಿಟ್ಟು ಹಿಡಿಸಿದ ಮೇಲೆ ಆ ಫೋನನ್ನು ಬಿಟ್ಟೆ. ಈಗ ಗುಂಡಿ ಒತ್ತುವ ಫೋನು, ಮತ್ತು ಖೋಲಿಯಲ್ಲಿರುವ ನನ್ನ ಹಳೆಯ ಕಂಪ್ಯೂಟರು. ಕಪ್ಪು ಪರದೆಯ ಮೇಲೆ ಒಂದು ಆಜ್ಞೆ ಟೈಪ್ ಮಾಡಿದರೆ ಪತ್ರ ತೆರೆಯುತ್ತದೆ, ಇನ್ನೊಂದು ಟೈಪ್ ಮಾಡಿದರೆ ಮುಚ್ಚುತ್ತದೆ. ಹೂವಿಲ್ಲ, ಕುಣಿತವಿಲ್ಲ. ಕನ್ನಡದ ಒತ್ತಕ್ಷರಗಳು ಚೂರು ಒಡೆದು ಕಾಣುತ್ತವೆ, ಆದರೂ ಓದಿಕೊಳ್ಳುತ್ತೇನೆ. ಆದ್ದರಿಂದ ಬರೆಯುವುದಿದ್ದರೆ ಬರೆ.

ಈಗ ಮುಖ್ಯ ಮಾತು. ನಾಲತವಾಡದಿಂದ ಶಂಕರೆಪ್ಪಣ್ಣ ಫೋನ್ ಮಾಡಿದ್ದ. ನಿಮ್ಮಪ್ಪ ತೀರಿಕೊಂಡು ವರ್ಷ ತುಂಬಿತು. ಕಿವಿ ಕೇಳದ, ಮಾತು ಬಾರದ ನಿಮ್ಮವ್ವ ಝಳಕಿಯ ಹೆದ್ದಾರಿ ಬದಿಯಲ್ಲಿ ಒಬ್ಬಳೇ ಕುರಿ ಹಿಂಡು ಕಟ್ಟಿಕೊಂಡಿರುವುದು ಅಣ್ಣನಿಗೆ ಸರಿ ಕಾಣುತ್ತಿಲ್ಲ. ದೀಪಾವಳಿ ಮುಗಿದ ಮೇಲೆ ಕುರಿಗಳನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ, ಅಕ್ಕನನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತಾನಂತೆ. "ಅಕ್ಕ ಏನಂತಾಳ?" ಎಂದು ಕೇಳಿದೆ. "ಆಕಿ ಏನೂ ಅಂದಿಲ್ಲೋ" ಎಂದ. ನಿನ್ನಿಂದಲೂ ನನಗೆ ಏನೂ ಬಂದಿರಲಿಲ್ಲ. ಹಾಗಾದರೆ ಎಲ್ಲರಿಗೂ ಒಪ್ಪಿಗೆ ಇದೆ ಎಂದು ನಾನೂ ಹೂಂ ಅಂದೆ.

ಅವ್ವನಿಗೆ ಅರಿವೆ-ಅಂಚಡಿ ಕಟ್ಟಿಕೊಳ್ಳಲು ನೀನು ಹೋಗಿ ನೆರವಾಗು.

ಇಂತು ನಿನ್ನ ಮಾಮಾ,
ಮಾಳಿಂಗರಾಯ

*

ಸಿಂದಗಿ
೭ ಅಕ್ಟೋಬರ್ ೨೦೨೪
ವಿಷಯ: ಖಾಲಿ ಯಾವುದು?

ಮಾಮಾ, ನಮಸ್ಕಾರ.

ನಾನು ಆರಾಮವಿಲ್ಲ. ನಿಮ್ಮ ಪತ್ರ ಓದಿದ ಮೇಲೆ ಯಾರೂ ಆರಾಮವಾಗಿರುವುದು ಸಾಧ್ಯವಿಲ್ಲ.

ನಾನು ಕಳಿಸಿದ ನಾಲ್ಕು ಟಪಾಲಿನಲ್ಲಿ ಒಂದೂ ಖಾಲಿ ಇರಲಿಲ್ಲ. ನಾಲ್ಕರಲ್ಲೂ ಅವ್ವ ಇದ್ದಳು. ಹಟ್ಟಿಯ ಗೋಡೆಗೆ ಬೆನ್ನು ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಎತ್ತಿ, ನಿಮ್ಮ ಜೊತೆ ಮಾತಾಡಿದಳು. ನಾನು ಫೋನು ಹಿಡಿದುಕೊಂಡು ನಿಂತಿದ್ದೆ. ಬೆಳಕು ಸರಿಯಾಗಿ ಬೀಳಲಿ, ಬೆರಳು ಬೆರಳೂ ಕಾಣಲಿ ಎಂದು ಮದುಮಗಳನ್ನು ನಿಲ್ಲಿಸಿದಂತೆ ಅವಳನ್ನು ಆ ಕಡೆ ಈ ಕಡೆ ಸರಿಸಿ ನಿಲ್ಲಿಸಿದೆ. ಕೆಳಗೆ ನಾನು ಏನೂ ಬರೆಯಲಿಲ್ಲ, ನಿಜ. ಅವಳು ಮಾತಾಡಿದ ಮೇಲೆ ನಾನು ಬರೆಯುವುದೇನಿತ್ತು?

ಅವ್ವ ಏನೂ ಅಂದಿಲ್ಲವಂತೆ! ನಿಮ್ಮ ಕಂಪ್ಯೂಟರು ಅವಳ ಕೈಗಳನ್ನು ಕಸದ ಹಾಗೆ ಪಕ್ಕಕ್ಕೆ ಗುಡಿಸಿದೆ, ನೀವು ಬಂದು ನೋಡಿ ಅಂಗಳ ಸ್ವಚ್ಛ ಇದೆ ಅನ್ನುತ್ತೀರಿ. ಅದರ ಮೇಲೆ ಹೂಂ ಬೇರೆ ಅಂದಿದ್ದೀರಿ. ಯಾರನ್ನು ಕೇಳಿ ಅಂದಿರಿ ಮಾಮಾ?

ಅವ್ವನ ಪರವಾಗಿ ಹೂಂ ಅನ್ನುವವರು ಹುಟ್ಟಿದಾಗಿನಿಂದ ಅವಳ ಸುತ್ತ ಇದ್ದಾರೆ. ಮದುವೆಗೆ ಹೂಂ ಅಂದವರು ಬೇರೆ, ರೇಷನ್ ಕಾರ್ಡಿಗೆ ಹೆಬ್ಬೆರಳು ಹಿಡಿದು ಒತ್ತಿಸಿದವರು ಬೇರೆ. ಅಪ್ಪ ಹೋದ ದಿನ ಮೂಲೆಯಲ್ಲಿ ಕುಳಿತಿದ್ದ ಅವಳನ್ನು ನೋಡಿ ಓಣಿಯ ಹೆಂಗಸರು, "ಪಾಪ, ಇದಕ್ಕ ಇನ್ನೂ ತಿಳಿದಿಲ್ಲ ಕಾಣ್ತೈತಿ" ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಅವಳ ಸೆರಗು ತೊಯ್ದು ತೊಪ್ಪೆಯಾಗಿತ್ತು. ದನಿ ಬರಲಿಲ್ಲ ಎಂದ ಮಾತ್ರಕ್ಕೆ ಅಳುವನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ ಅವರು. ನನಗೆ ಆ ಸಿಟ್ಟು ಇನ್ನೂ ಆರಿಲ್ಲ. ಈಗ ನೀವೂ ಅದೇ ಸಾಲಿಗೆ ಹೋಗಿ ಕುಳಿತಿರಲ್ಲ, ಅದು ಹೆಚ್ಚು ಉರಿಯುತ್ತದೆ.

ಆ ಟಪಾಲುಗಳು ನಿಮ್ಮಲ್ಲೇ ಇವೆ. ತೆಗೆದು ನೋಡಿ. ಸಂತೆಗೆ ಇನ್ನೂ ದಿನವಿದೆ.

ಪ್ರಿಯದರ್ಶಿನಿ

*

ಆಲಮಟ್ಟಿ
೧೩ ಅಕ್ಟೋಬರ್ ೨೦೨೪
ವಿಷಯ: ನಿನ್ನ ದನಿ ಸ್ವಲ್ಪ ಇಳಿಸು

ಚಿ. ಪ್ರಿಯದರ್ಶಿನಿಗೆ,

ಹಿರಿಯರಿಗೆ ಬರೆಯುವ ರೀತಿ ಇದಲ್ಲ. ಅದನ್ನು ಮೊದಲು ಹೇಳಿ ಮುಂದೆ ಹೋಗುತ್ತೇನೆ.

ನಿನ್ನ ಮಾತು ಕೇಳಿ ಆ ಟಪಾಲುಗಳ ಹೊಟ್ಟೆಯಲ್ಲಿ ಏನಿದೆ ಎಂದು ಕೇಳುವ ಆಜ್ಞೆ ಕೊಟ್ಟೆ. ಉತ್ತರ ಬಂತು. ಒಂದನೆಯ ಭಾಗ ಅಕ್ಷರ, ಏನೂ ಇಲ್ಲ. ಎರಡನೆಯ ಭಾಗ ವಿಡಿಯೋ. ನಾನು ಹಿಂದೆ ಗುಲಾಬಿ ಹೂವಿನ ಕಾಟಕ್ಕೆ ಬೇಸತ್ತು, ಅಕ್ಷರವಲ್ಲದ ಯಾವ ಭಾಗ ಬಂದರೂ ತೋರಿಸದೆ ದಾಟಿಬಿಡು ಎಂದು ನನ್ನ ಪ್ರೋಗ್ರಾಮಿಗೆ ಹೇಳಿಟ್ಟಿದ್ದೇನೆ. ಅದು ಹೇಳಿದ ಹಾಗೆ ಕೇಳಿದೆ. ಅದರ ತಪ್ಪಿಲ್ಲ. ಇನ್ನು ಈ ಯಂತ್ರದಲ್ಲಿ ಚಿತ್ರ ತೋರಿಸುವ ವ್ಯವಸ್ಥೆಯನ್ನೇ ನಾನು ಹಾಕಿಲ್ಲ. ಕಾಲುವೆಯ ಗೇಟಿನ ಲೆಕ್ಕ ನೋಡುವವನಿಗೆ ಅದರ ಅಗತ್ಯವೂ ಇರಲಿಲ್ಲ.

ಇದಕ್ಕೆ ಸುಲಭ ದಾರಿ ಇದೆ. ಅಕ್ಕ ಏನು ಹೇಳಿದಳೋ ಅದನ್ನು ನೀನು ಎರಡು ಸಾಲಿನಲ್ಲಿ ಬರೆದು ಕಳಿಸು. ಹೆತ್ತ ಮಗಳು ನೀನು. ನನ್ನ ಜೊತೆ ಕೆಲಸ ಮಾಡುವ ಅಮೀರನ ಬಳಿ ದೊಡ್ಡ ಫೋನಿದೆ, ಅದರಲ್ಲಿ ನೋಡಿ ಎಂದು ನೀನು ಹೇಳಬಹುದು. ಮನೆಯ ಹೆಣ್ಣುಮಗಳ ಮಾತನ್ನು ಕಂಡವರ ಫೋನಿನಲ್ಲಿ ತೆರೆದು ಕೂರುವವನು ನಾನಲ್ಲ.

ಮತ್ತೆ ನನಗೆ ಅಕ್ಕನ ಬಗ್ಗೆ ಪಾಠ ಹೇಳಬೇಡ. ಸಣ್ಣವರಿದ್ದಾಗ ಆ ಮನೆಯಲ್ಲಿ ಅವಳ ಕೈ ಓದಲು ಬರುತ್ತಿದ್ದದ್ದು ನನಗೊಬ್ಬನಿಗೆ. ಅವಳಿಗೆ ಹಸಿವಾದರೂ ಜ್ವರ ಬಂದರೂ ನಾನು ಹೋಗಿ ಹೇಳಬೇಕಿತ್ತು. ಅವಳ ಬಾಯಿ ನಾನೇ ಆಗಿದ್ದೆ. ಅವಳಿಗೆ ಯಾವುದು ಒಳ್ಳೆಯದು ಎನ್ನುವುದು ನನಗೆ ಗೊತ್ತಿದೆ. ತೋಳ ಬಂದರೆ ಕೇಳಿಸುವುದಿಲ್ಲ, ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಕೇಳಿಸುವುದಿಲ್ಲ. ನಾಳೆ ಏನಾದರೂ ಆದರೆ ಊರವರು ನಮ್ಮ ಮುಖಕ್ಕೆ ಉಗಿಯುತ್ತಾರೆ, ನಿನ್ನ ಮುಖಕ್ಕಲ್ಲ.

ಬರೆದು ಕಳಿಸು.

ಮಾಳಿಂಗರಾಯ

*

ಸಿಂದಗಿ
೩ ನವೆಂಬರ್ ೨೦೨೪
ವಿಷಯ: ಬರೆಯುವುದಿಲ್ಲ

ಮಾಮಾ ಅವರಿಗೆ,

ನಿಮ್ಮ ಪತ್ರಕ್ಕೆ ಉತ್ತರ ಬರೆಯಬಾರದು ಎಂದೇ ಇದ್ದೆ. ದೀಪಾವಳಿಗೆ ಝಳಕಿಗೆ ಹೋಗಿ ಬಂದೆ, ಆದ್ದರಿಂದ ಬರೆಯುತ್ತಿದ್ದೇನೆ.

ಪಾಡ್ಯದ ದಿನ ದೊಡ್ಡ ಮಾಮಾ ನಾಲತವಾಡದಿಂದ ಜೀಪ್ ಮಾಡಿಕೊಂಡು ಬಂದಿದ್ದರು. ಹಟ್ಟಿಯ ಒಳಗೆ ಹೋಗಿ, ಕುರಿಗಳ ಬೆನ್ನು ಹಿಸುಕಿ ನೋಡಿದರು. ತಮ್ಮವೇ ಎಂಬಂತೆ ಒಂದೊಂದರ ಬಾಯಿ ಬಿಡಿಸಿ ಹಲ್ಲು ನೋಡಿದರು. ಅವ್ವ ಬಾಗಿಲಲ್ಲಿ ನಿಂತಿದ್ದಳು. ನಾನು ಹೋಗಿ, "ದೊಡ್ಡ ಮಾಮಾ, ಅವ್ವನ್ನ ಒಂದ್ ಮಾತು ಕೇಳ್ರಿ" ಎಂದೆ.

"ಮೂಕಿನ್ನ ಏನ್ ಕೇಳೂದು? ಆಕೀ ಪರವಾಗಿ ನಾವ್ ಇಬ್ಬರು ಅಣ್ಣತಮ್ಮಂದಿರು ಅದೀವಲ್ಲ" ಎಂದರು.

"ಮೂಕಿ ಅನಬ್ಯಾಡ್ರಿ. ಆಕಿಗೆ ಹೆಸರೈತಿ. ಚಂದವ್ವ."

"ಹೌದವಾ, ನಿನಗ ಬಾಳ ಶಾಣೆತನ ಬಂದೈತಿ. ಮಾಳಿಂಗನೂ ಹೂಂ ಅಂದಾನ, ಕೇಳ್ಕೋ ಹೋಗು."

ನೋಡಿದಿರಾ, ನಿಮ್ಮ ಹೂಂ ಎಲ್ಲಿಗೆ ಹೋಗಿ ನಿಂತಿದೆ. ನಾನು ಏನು ಹೇಳಲು ಹೋದರೂ ಆ ಒಂದು ಹೂಂ ತಂದು ನನ್ನ ಮುಂದೆ ನಿಲ್ಲಿಸುತ್ತಾರೆ. ಈ ತಿಂಗಳ ಕೊನೆಯ ಸಂತೆಗೆ ಕುರಿ ಹೊಡೆಯುವುದು ಎಂದು ಗಟ್ಟಿ ಮಾಡಿ ಹೋದರು. ಆಮೇಲೆ ಅವ್ವನ ಕಡೆ ತಿರುಗಿ ಎರಡು ಬೆರಳು ನಡೆಸಿ, ಬಾಯಿಗೆ ತುತ್ತು ಇಟ್ಟಂತೆ ಮಾಡಿ ತೋರಿಸಿದರು. ನಡಿ, ಉಣ್ಣಾಕ ಹಾಕ್ತೀವಿ ಎಂದು. ನಾಯಿಯನ್ನು ಕರೆಯುವವರೂ ಇನ್ನೊಂದಿಷ್ಟು ಮಾತು ಹೆಚ್ಚು ಆಡುತ್ತಾರೆ ಮಾಮಾ.

ಅವ್ವ ಹೇಳಿದ್ದನ್ನು ಎರಡು ಸಾಲಿನಲ್ಲಿ ಬರೆ ಎಂದಿರಿ. ಬರೆಯುವುದಿಲ್ಲ. ಅವಳ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿದ್ದು ಸಾಕು, ಒಂದು ಸಲವಾದರೂ ಅವಳಿಂದಲೇ ಕೇಳಿ ಎಂಬ ಹಟ ನನಗಿತ್ತು. ಈಗ ಇನ್ನೊಂದು ನಿಜ ಹೇಳುತ್ತೇನೆ. ಬರೆಯಬೇಕೆಂದರೂ ನನಗೆ ಬರುವುದಿಲ್ಲ. ನನ್ನ ಜೊತೆ ಆಡುವ ಮಾತಿನಲ್ಲಿ ಅವಳು ಹೇಳಿಯೇ ಇಲ್ಲ. ಯಾರಿಗೆ ಕಳಿಸಲಿ ಎಂದು ಕೇಳಿದ್ದಕ್ಕೆ ಅವಳು ಕಿವಿ ಹಿಂಡಿಕೊಂಡಳು. ಅದು ನಿಮ್ಮ ಹೆಸರಂತೆ. ಆಮೇಲೆ ಕೈ ಶುರುವಾದವು ನೋಡಿ, ನಾನು ಹುಟ್ಟಿದಾಗಿನಿಂದ ನೋಡದ ಸನ್ನೆಗಳು. ತೊಡೆಗೆ ತಟ್ಟುವುದು, ಮುಂಗೈ ಉಜ್ಜುವುದು, ಮೊಣಕೈಗೆ ಗಂಟು ಹಾಕುವುದು. ನೀವಿಬ್ಬರೂ ಮಕ್ಕಳಿದ್ದಾಗ ಕಟ್ಟಿಕೊಂಡ ಭಾಷೆ ಇರಬೇಕು ಅದು. ನನಗೆ ಅರ್ಧ ತಿಳಿಯಲಿಲ್ಲ.

ಅದನ್ನು ಓದಬಲ್ಲವರು ಈ ಭೂಮಿಯ ಮೇಲೆ ನೀವೊಬ್ಬರೇ. ಆ ನೀವು ಅಕ್ಷರವಲ್ಲದ್ದನ್ನು ದಾಟಿಬಿಡು ಎಂದು ಯಂತ್ರಕ್ಕೆ ಹೇಳಿ ಕುಳಿತಿದ್ದೀರಿ.

ಇನ್ನು ನಿಮ್ಮಿಷ್ಟ.

ಪ್ರಿಯದರ್ಶಿನಿ

*

ಆಲಮಟ್ಟಿ
೧೭ ನವೆಂಬರ್ ೨೦೨೪
ವಿಷಯ: ಎರಡನೆಯ ಭಾಗ

ಪ್ರಿಯಾ,

ನೋಡಿದೆ.

ಹೇಗೆ ನೋಡಿದೆ ಎಂದು ಮೊದಲು ಹೇಳುತ್ತೇನೆ, ಇಲ್ಲವಾದರೆ ಉಳಿದದ್ದು ಹೇಳಲು ನನಗೆ ಧೈರ್ಯ ಸಾಲುವುದಿಲ್ಲ. ಅಮೀರನ ಫೋನು ಕೇಳಲು ಇವತ್ತಿಗೂ ಮನಸ್ಸು ಬರಲಿಲ್ಲ. ಪ್ರೋಗ್ರಾಮಿನ ಕೈಪಿಡಿ ತೆಗೆದು ಓದುತ್ತ ಕುಳಿತೆ. ಹಲವು ಭಾಗಗಳಿರುವ ಟಪಾಲನ್ನು ಅದು ತಾನೇ ತೋರಿಸುವುದಿಲ್ಲ. ಅಕ್ಷರ ಬಂದರೆ ಇವನಿಗೆ ಕೊಡು, ಚಿತ್ರ ಬಂದರೆ ಅವನಿಗೆ ಕೊಡು, ದನಿ ಬಂದರೆ ಇನ್ನೊಬ್ಬನಿಗೆ ಕೊಡು ಎಂದು ಒಂದು ಕಡತದಲ್ಲಿ ನಾವು ಬರೆದಿಟ್ಟರೆ, ಆಯಾ ಭಾಗವನ್ನು ಆಯಾ ಪ್ರೋಗ್ರಾಮಿನ ಕೈಗೆ ಒಪ್ಪಿಸುತ್ತದೆ, ಅಷ್ಟೇ. ನಾನು ಬರೆದಿದ್ದ 'ದಾಟಿಬಿಡು' ಅನ್ನುವ ಸಾಲನ್ನು ಅಳಿಸಿದೆ. ವಿಡಿಯೋ ಬಂದರೆ ತೋರಿಸುವ ಒಂದು ಪ್ರೋಗ್ರಾಮನ್ನು ಇಳಿಸಿಕೊಂಡು ಅದರ ಹೆಸರು ಬರೆದೆ. ತೋರಿಸು ಎಂದೆ.

ಚಿತ್ರ ತೋರಿಸುವ ವ್ಯವಸ್ಥೆ ಇಲ್ಲದ ಯಂತ್ರ ಇದು. ಆ ಪ್ರೋಗ್ರಾಮು ಏನು ಮಾಡಿತು ಗೊತ್ತೇ, ಇದ್ದುದರಲ್ಲೇ ಚಿತ್ರ ಕಟ್ಟಿತು. ಕಪ್ಪು ಪರದೆಯ ಮೇಲೆ ಎಂಟರ ಅಂಕಿ, ಚುಕ್ಕಿ, ಅಡ್ಡಗೆರೆ, ಇಂಗ್ಲಿಷ್ ಅಕ್ಷರ ಎಲ್ಲ ಸೇರಿ ಕದಲತೊಡಗಿದವು. ಮೊದಲು ಬರೀ ಗೊಂದಲ. ಅಕ್ಷರಗಳನ್ನು ಸಣ್ಣದು ಮಾಡಿದೆ. ಆಗಲೂ ತಿಳಿಯಲಿಲ್ಲ. ಸಾಕಾಗಿ ಎದ್ದು ಬಾಗಿಲ ತನಕ ಹೋಗಿ ಸಿಟ್ಟಿನಲ್ಲಿ ಹಿಂದಿರುಗಿ ನೋಡಿದರೆ, ಅಕ್ಕ ನಿಂತಿದ್ದಳು. ಹತ್ತಿರದಿಂದ ಅಕ್ಷರ, ದೂರದಿಂದ ಅಕ್ಕ. ಒಂದಕ್ಷರ ಕಲಿಯದವಳು ಅಕ್ಷರಗಳಲ್ಲೇ ನಿಂತು ನನ್ನ ಮೇಲೆ ಕೈ ಎತ್ತಿದ್ದಳು. ನಾನು ಬಾಗಿಲಿಗೆ ಒರಗಿ ನಿಂತು ನಾಲ್ಕನ್ನೂ ನೋಡಿದೆ, ಮತ್ತೆ ಮತ್ತೆ ನೋಡಿದೆ. ಕೆಲವು ಸನ್ನೆ ಮರೆತಿದ್ದೆ. ಅವನ್ನು ನನ್ನ ಕೈಯಿಂದ ನಾನೇ ಮಾಡಿ ನೋಡಿದಾಗ ಅರ್ಥ ಬಂತು.

ಮೊದಲನೆಯದರಲ್ಲಿ ಅವಳು ಶಾಂತವಾಗಿದ್ದಾಳೆ. "ಮೀಸಿಯಾಂವ ಕುರಿ ಮಾರ್ತಾನಂತ. ನನಗ ಬ್ಯಾಡ. ಆಂವಗ ಬಾಯಿ ಮಾತಷ್ಟ ತಿಳಿತೈತಿ. ನೀ ಹೇಳು" ಎನ್ನುತ್ತಾಳೆ. ಮೀಸೆಯವನು ಎಂದರೆ ಶಂಕರೆಪ್ಪಣ್ಣ. ಎರಡನೆಯದರಲ್ಲಿ, "ನೋಡಿದೇನು? ಯಾಕ ಏನೂ ಹೇಳಲಿಲ್ಲ?" ಎಂದು ಕೇಳುತ್ತಾಳೆ. ಮೂರನೆಯದರಲ್ಲಿ ಸಿಟ್ಟು ಬಂದಿದೆ. ತೋಳದ ಮಾತು ಯಾರೋ ಅವಳಿಗೆ ಮುಟ್ಟಿಸಿರಬೇಕು. ಮಲಗುವಾಗ ನಾಯಿಯ ಬೆನ್ನ ಮೇಲೆ ಕೈ ಇಟ್ಟುಕೊಂಡು ಮಲಗುತ್ತಾಳಂತೆ. ಅದರ ಕೂದಲು ನಿಮಿರಿದರೆ ಎಚ್ಚರವಾಗುತ್ತದಂತೆ. "ನಿಮ್ಮ ಕಿವಿ ನಿದ್ದಿ ಮಾಡ್ತಾವು. ನನ್ನ ಕೈ ಮಾಡೂದಿಲ್ಲ" ಎಂದಳು. ಆಮೇಲೆ ನಾಲತವಾಡದ ಮನೆಯ ಮಾತು. "ಆ ಮನ್ಯಾಗ ನನ್ನ ಕೈ ಯಾರಿಗೂ ತಿಳಿಯೂದಿಲ್ಲ. ಅಲ್ಲಿ ಹೋದ್ರ ನಾ ಮೂಕಿ ಆಗ್ತೇನಿ. ಇಲ್ಲಿ ಅಲ್ಲ" ಎಂದಳು.

ನಾಲ್ಕನೆಯದರಲ್ಲಿ ಅವಳು ಏನೂ ಹೇಳುವುದಿಲ್ಲ. ಕೈ ಎತ್ತುವುದೂ ಇಲ್ಲ. ಸುಮ್ಮನೆ ನಿಂತು ನನ್ನನ್ನು ನೋಡುತ್ತಾಳೆ. ಸ್ವಲ್ಪ ಹೊತ್ತಿನ ಮೇಲೆ ಹತ್ತಿರ ಬಂದು ಫೋನನ್ನು ಮುಚ್ಚುತ್ತಾಳೆ. ನಾನು ಬೈದು ಬರೆದದ್ದು ಆ ನಾಲ್ಕನೆಯದು ಬಂದ ದಿನ.

ನನ್ನ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯಲಾರೆ. ಅಣ್ಣನಿಗೆ ಫೋನ್ ಮಾಡಿ, "ಅಕ್ಕ ಒಲ್ಲೆ ಅಂತಾಳ. ನಾನೂ ಒಲ್ಲೆ ಅಂತೇನಿ" ಎಂದೆ. "ಈಗ ಅಂದ್ರ ಏನ್ ಬಂತು? ವ್ಯಾಪಾರಿಗೆ ಮಾತು ಕೊಟ್ಟೇನಿ" ಎಂದು ಕೂಗಾಡಿದ. ಸಂತೆಯ ದಿನ ನಾನೇ ಬಂದು ನಿಲ್ಲುತ್ತೇನೆ. ಅಕ್ಕನಿಗೆ ಹೇಳು.

ಮಾಳಿಂಗರಾಯ

*

ಸಿಂದಗಿ
೨೩ ನವೆಂಬರ್ ೨೦೨೪
ವಿಷಯ: ನಾಳೆ ಸಂತೆ

ಅವ್ವನಿಗೆ ಹೇಳಿದ್ದೇನೆ. ಕಿವಿ ಹಿಂಡಿ ತೋರಿಸಿ, ಬರ್ತಾರ ಎಂದೆ. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ನಾನು ಈಗ ಝಳಕಿಗೆ ಹೊರಟಿದ್ದೇನೆ. ನೀವು ಹೊರಟಿರೋ ಇಲ್ಲವೋ ತಿಳಿಸಿ.

ಪ್ರಿಯಾ

*

ಸಿಂದಗಿ
೨೫ ನವೆಂಬರ್ ೨೦೨೪
ವಿಷಯ: ನೀವು ಬರಲಿಲ್ಲ

ಮಾಮಾ ಅವರಿಗೆ,

ನೀವು ಬರಲಿಲ್ಲ. ಏಕೆ ಎಂದು ನಾನು ಕೇಳುವುದಿಲ್ಲ. ನೀವು ಇಲ್ಲದೆ ಏನಾಯಿತು ಎನ್ನುವುದನ್ನು ಕೇಳಿ.

ಬೆಳಿಗ್ಗೆ ದೊಡ್ಡ ಮಾಮಾ ಬಂದು ಕುರಿ ಹೊಡೆಯಲು ನೋಡಿದರು. ಒಂದೂ ಹೆಜ್ಜೆ ಎತ್ತಲಿಲ್ಲ. ಅವ್ವ ಮುಂದೆ ನಡೆಯದೆ ಆ ಹಿಂಡು ಎಲ್ಲಿಗೂ ಹೋಗುವುದಿಲ್ಲ. ಆದರೆ ಅವ್ವ ತಾನೇ ಎದ್ದು ಕೋಲು ತೆಗೆದುಕೊಂಡು ಮುಂದೆ ನಡೆದಳು. ಸೋತಳು ಎಂದುಕೊಂಡೆ. ದಾರಿಯುದ್ದಕ್ಕೂ ಅವಳು ಹಿಂದಿರುಗಿ ಹೆದ್ದಾರಿಯ ಕಡೆ ನೋಡುತ್ತಿದ್ದಳು. ಯಾರನ್ನು ಎಂದು ನಿಮಗೆ ಹೇಳಬೇಕಾಗಿಲ್ಲ. ಒಂದೊಂದು ಬಸ್ಸು ನಿಂತಾಗಲೂ ಅವಳ ಕಾಲೂ ನಿಲ್ಲುತ್ತಿತ್ತು. ನನಗೆ ನಿಮ್ಮ ಮೇಲೆ ಬಂದ ಸಿಟ್ಟು ಆ ದಾರಿಯ ಮೇಲೆ ಬಂದದ್ದು, ಸಂತೆಯಲ್ಲಲ್ಲ.

ಸಂತೆಯಲ್ಲಿ ವ್ಯಾಪಾರಿ ದಸ್ತಗೀರಸಾಬರು ಕಾಯುತ್ತಿದ್ದರು. ನಮ್ಮ ಮರಿಗಳನ್ನು ಪ್ರತಿವರ್ಷ ಕೊಳ್ಳುವವರು ಅವರೇ. ಕುರಿ ವ್ಯಾಪಾರ ಹೇಗಿರುತ್ತದೆ ಎನ್ನುವುದು ನಿಮಗೆ ಗೊತ್ತು. ಮಾರುವವರ ಕೈ, ಕೊಳ್ಳುವವರ ಕೈ ಎರಡೂ ಟಾವೆಲ್ಲಿನ ಕೆಳಗೆ. ಬೆರಳು ಹಿಡಿದು ದರ ಹೇಳುವುದು, ಬೆರಳು ಬಿಟ್ಟು ಒಲ್ಲೆ ಅನ್ನುವುದು. ಸುತ್ತ ನಿಂತವರಿಗೆ ಒಂದು ಮಾತೂ ಕೇಳಿಸುವುದಿಲ್ಲ. ದಸ್ತಗೀರಸಾಬರು ಹೆಗಲ ಮೇಲಿನ ಟಾವೆಲ್ ತೆಗೆದು ಕೈ ಮುಂದೆ ಮಾಡಿದರು. ದೊಡ್ಡ ಮಾಮಾ ತಮ್ಮ ಕೈ ಚಾಚಿದರು.

"ನಿಮ್ಮ ಕೈ ಅಲ್ರಿ ಯಜಮಾನ್ರ" ಎಂದರು ಸಾಬರು. "ಆಕೀ ಕೈ ಬರ್ಲಿ."

"ನಿನ್ನ ಕೂಡ ಮಾತಾಡಿದಾಂವ ನಾನು."

"ಫೋನಿನ್ಯಾಗ ಮಾತಾಡೀರಿ, ಖರೆ. ಅದು ಮಾತು. ವ್ಯಾಪಾರ ಬ್ಯಾರೆ. ಇಷ್ಟು ವರ್ಷ ಆಕೀ ಗಂಡ ಇದ್ದಾಗೂ ಟಾವೆಲ್ ಕೆಳಗ ನಾ ಹಿಡಿದದ್ದು ಆಕೀ ಕೈ ರೀ."

"ಲೇ, ಆಕಿ ಮೂಕಿ ಅದಾಳೋ!"

"ಟಾವೆಲ್ ಕೆಳಗ ಎಲ್ಲಾರೂ ಮೂಕರ ಅಲ್ಲೇನ್ರಿ?"

ಮಾಮಾ, ನನಗೆ ಅಲ್ಲೇ ಅವರ ಕಾಲು ಮುಟ್ಟಬೇಕೆನಿಸಿತು. ಅವ್ವ ಬಂದು ಟಾವೆಲ್ಲಿನ ಕೆಳಗೆ ಕೈ ಇಟ್ಟಳು. ಸಾಬರು ಕಣ್ಣು ಮುಚ್ಚಿ ಬೆರಳು ಹುಡುಕಿದರು. ಸುತ್ತ ಮಂದಿ ಸೇರಿತು. ಆಮೇಲೆ ಸಾಬರು ಯಾವ ವ್ಯಾಪಾರಿಯೂ ಮಾಡದ ಕೆಲಸ ಮಾಡಿದರು. ಎಲ್ಲರೂ ನೋಡುವಂತೆ ಟಾವೆಲ್ ತೆಗೆದುಬಿಟ್ಟರು. ಅವ್ವನ ಕೈ ಬಿಗಿ ಮುಷ್ಟಿಯಾಗಿತ್ತು. ಗೆಣ್ಣುಗಳು ಬೆಳ್ಳಗಾಗಿದ್ದವು.

"ಈ ಕೈ ಮಾರೂದಿಲ್ಲ ಅಂತೈತ್ರಿ" ಎಂದು ಹೇಳಿ ಟಾವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು. ಅವ್ವ ಅದನ್ನು ಹೇಳಲಿಕ್ಕೆಂದೇ ಕುರಿ ಹೊಡೆದುಕೊಂಡು ಅಷ್ಟು ದೂರ ನಡೆದಿದ್ದಳು. ಸೋತಳು ಎಂದುಕೊಂಡ ನನಗೆ ನಾಚಿಕೆಯಾಯಿತು.

ದೊಡ್ಡ ಮಾಮಾ, "ತೋಳ ತಿಂದ ಮ್ಯಾಲ ನನ್ನ ಕರೀಬ್ಯಾಡ್ರಿ" ಎಂದು ಕೂಗಿ ಜೀಪ್ ಹತ್ತಿದರು. ಮುಂದಿನ ಸಂತೆಗೆ ಬೇರೆ ವ್ಯಾಪಾರಿಯನ್ನು ಕರೆತರುತ್ತೇನೆ ಎಂದೂ ಹೇಳಿದ್ದಾರೆ. ನಿಮ್ಮ ಹೂಂ ಇನ್ನೂ ಅವರ ಜೇಬಿನಲ್ಲೇ ಇದೆ. ಫೋನಿನಲ್ಲಿ ಒಲ್ಲೆ ಎಂದಿರಂತೆ, ಅದು ಅಲ್ಲಿ ಯಾರಿಗೆ ಕೇಳಿಸಿತು?

ಹಟ್ಟಿಗೆ ಮರಳಿದ ಮೇಲೆ ಅವ್ವ ಕಿವಿ ಹಿಂಡಿಕೊಂಡು ನನ್ನ ಮುಖ ನೋಡಿದಳು.

ಪ್ರಿಯದರ್ಶಿನಿ

*

ಆಲಮಟ್ಟಿ
೮ ಡಿಸೆಂಬರ್ ೨೦೨೪
ವಿಷಯ: ಅಕ್ಕನಿಗೆ

ಪ್ರಿಯಾ,

ಆ ದಿನ ಕಾಲುವೆಗೆ ನೀರು ಬಿಡುವ ಸರದಿ ಇತ್ತು. ನನ್ನ ಬದಲಿಗೆ ಬರಬೇಕಾದವನು ಬರಲಿಲ್ಲ. ಗೇಟು ತೆರೆದಿಟ್ಟು ಎದ್ದು ಬರುವಂತಿರಲಿಲ್ಲ. ಇದು ನಿಜ. ಇದನ್ನು ಬರೆದ ಮೇಲೆ ಓದಿ ನೋಡಿದೆ, ನಿಜವಾದರೂ ನೆಪದ ಹಾಗೆಯೇ ಕಾಣುತ್ತದೆ. ಇರಲಿ, ನೀನು ಬೈಯುವುದಕ್ಕೆ ಇನ್ನೂ ಏನಾದರೂ ಉಳಿದಿದ್ದರೆ ಬೈದುಬಿಡು.

ಅಣ್ಣನಿಗೆ ಮತ್ತೆ ಫೋನ್ ಮಾಡಿದ್ದೆ. "ನಾ ಅಂದ ಹೂಂ ನಂದು, ಅಕ್ಕಂದಲ್ಲ. ಅದನ್ನ ವಾಪಸ್ ತಗೊಂಡೇನಿ" ಎಂದೆ. ಫೋನ್ ಇಟ್ಟುಬಿಟ್ಟ. ಆಮೇಲೆ ಎತ್ತಲೇ ಇಲ್ಲ.

ಈ ಟಪಾಲಿನಲ್ಲಿ ಎರಡು ಭಾಗ ಇವೆ. ಒಂದನೆಯದು ನೀನು ಓದುತ್ತಿರುವುದು. ಎರಡನೆಯದು ಅಕ್ಕನಿಗೆ. ನಾನು ಹುಟ್ಟಿದ ಮೇಲೆ ಮೊದಲ ಸಲ ಅಕ್ಷರವಲ್ಲದ್ದನ್ನು ಕಳಿಸುತ್ತಿದ್ದೇನೆ. ಅಮೀರನ ಫೋನೇ. ಹೌದು, ಕೇಳಿದೆ. ಕಾಲುವೆಯ ಏರಿಯ ಮೇಲೆ ನನ್ನನ್ನು ನಿಲ್ಲಿಸಿ ಅವನು ಹಿಡಿದುಕೊಂಡ. ನಾನು ಕೈ ಎತ್ತಿದಾಗ ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. "ಇನ್ನೊಂದ್ ಸಲ ಮಾಡ್ರಿ ಸರ, ಬೆರಳು ಬಿಸಲಾಗ ಕಾಣವಲ್ವು" ಎಂದ. ಮೂರ್ನಾಲ್ಕು ಸಲ ಮಾಡಿದೆ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಇದು ವಿಡಿಯೋ, ಇದನ್ನು ಹೀಗೆ ಕಟ್ಟಿ ಕಳಿಸು ಎಂದು ಪ್ರೋಗ್ರಾಮಿಗೆ ಸಾಲು ಬರೆಯಲು ಮಧ್ಯಾಹ್ನವೆಲ್ಲ ಹೋಯಿತು.

ನನ್ನ ಕೈ ಬಿಗಿದಿವೆ, ಸನ್ನೆಗಳು ತಪ್ಪಿರಬಹುದು. ಅಕ್ಕನಿಗೆ ತೋರಿಸು. ನೀನು ಬೇಕಾದರೆ ನೋಡು. ತಿಳಿದರೆ ತಿಳಿಯಲಿ.

ಮಾಳಿಂಗರಾಯ

*

ಸಿಂದಗಿ
೧೫ ಡಿಸೆಂಬರ್ ೨೦೨೪
ವಿಷಯ: ಅವ್ವನ ಉತ್ತರ

ಮಾಮಾ ಅವರಿಗೆ,

ನಿನ್ನೆ ಝಳಕಿಗೆ ಹೋಗಿದ್ದೆ. ಕುರಿಗಳು ತೊಗರಿ ಹೊಲದ ಬದುವಿನಲ್ಲಿದ್ದವು. ಅವ್ವ ಬೇವಿನ ಗಿಡದ ಕೆಳಗೆ ಕುಳಿತು ರೊಟ್ಟಿ ಬಿಚ್ಚಿದ್ದಳು. ಫೋನು ಅವಳ ಕೈಗೆ ಕೊಟ್ಟೆ. ರೊಟ್ಟಿ ಹಾಗೆಯೇ ಬಿಟ್ಟು ನೋಡಿದಳು.

ನೀವು ಮೊದಲಿಗೆ ಕೈ ಮುಗಿದು ನಿಂತಿದ್ದೀರಲ್ಲ, ಅದನ್ನು ನೋಡಿ ಅವಳಿಗೆ ನಗು ಬಂತು. ಇಲೆಕ್ಷನ್ನಿಗೆ ನಿಂತಿದ್ದಾನೇನು ಎಂದು ನನ್ನನ್ನು ಕೇಳಿದಳು. ನಿಮ್ಮ ಒಂದು ಸನ್ನೆ ತಪ್ಪಿತ್ತಂತೆ. ಅದನ್ನು ಫೋನಿಗೆ ಎದುರಾಗಿ ತಾನು ಸರಿಯಾಗಿ ಮಾಡಿ ತೋರಿಸಿದಳು, ನೀವು ಒಳಗೆ ಕುಳಿತು ನೋಡುತ್ತಿದ್ದೀರಿ ಎಂಬ ಹಾಗೆ. ಆಮೇಲೆ ನಗು ನಿಂತಿತು. ಕೊನೆಯವರೆಗೆ ಕಣ್ಣು ಮಿಟುಕಿಸದೆ ನೋಡಿದಳು. ಇನ್ನೊಂದು ಸಲ ಹಾಕು ಎಂದಳು. ಹಾಕಿದೆ. ನೀವು ಏನು ಹೇಳಿದಿರಿ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅವಳ ಉತ್ತರ ಹಿಡಿದುಕೊಳ್ಳಲು ನಾನು ಎದ್ದು, ಬೆಳಕು ನೋಡಿ, ಫೋನು ಎತ್ತಿದೆ. ಅವ್ವ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ರೊಟ್ಟಿಗಂಟಿನ ಕೆಳಗೆ ಬೋರಲು ಇಟ್ಟಳು. ಬರೆ ಎಂದು ಅಂಗೈ ಮೇಲೆ ಬೆರಳಿನಿಂದ ಗೀಚಿ ತೋರಿಸಿದಳು. ಅವಳ ಮಾತನ್ನು ಬರೆಯುವುದಿಲ್ಲ ಎಂದು ಹಟ ಹಿಡಿದವಳು ನಾನು. ಆದರೆ ಬರೆ ಎಂದದ್ದು ಅವಳೇ. ಅವಳು ಸಿಟ್ಟಿನಲ್ಲಿದ್ದಳು. ನಾನೂ ನೀವೂ ಇಷ್ಟು ತಿಂಗಳು ಪಟ್ಟ ಸಿಟ್ಟೆಲ್ಲ ಅದರ ಮುಂದೆ ಏನೂ ಅಲ್ಲ. ಈ ಸಲ ನಿಮ್ಮಿಬ್ಬರ ಗುಟ್ಟಿನ ಸನ್ನೆ ಒಂದನ್ನೂ ಬಳಸಲಿಲ್ಲ. ನನಗೆ ತಿಳಿಯಲಿ ಎಂದು ನಿಧಾನವಾಗಿ, ಒಂದೊಂದಾಗಿ ಹೇಳಿದಳು. ನಾನು ಅವನ್ನು ಹಾಗೆಯೇ ಇಡುತ್ತೇನೆ.

"ಮೀಸಿಯಾಂವ ಮತ್ತ ಬರ್ತಾನ. ಮತ್ತ ಮುಷ್ಟಿ ಹಿಡೀತೇನಿ. ಅದು ನನಗ ಬರ್ತೈತಿ, ಅದಕ್ಕ ನಿನ್ನ ಹಂಗು ಇಲ್ಲ. ನನಗ ಬಾಯಿ ಬೇಕಾಗಿಲ್ಲ. ವರ್ಷ ಆತು, ನನ್ನ ಕೂಡ ಮಾತಾಡಾಕ ಒಬ್ಬರಿಲ್ಲ. ಕೈ ಕಳಸಬ್ಯಾಡ. ಕೈ ತಗೊಂಡು ಬಾ."

ಪ್ರಿಯದರ್ಶಿನಿ